ಡೇವಿ ಗ್ರಹಾಂ ನೆನಪಿನ ಬಯಲು ಕಛೇರಿ: ಮೈಕ್ ಇಲ್ಲದೆ ನಡೆಸಿದ ನನ್ನ ಅನುಭವ

ಬಯಲಿನಲ್ಲಿ ನೂರಿಪ್ಪತ್ತು ಜನರ ಮುಂದೆ ಒಂದೇ ಗಿಟಾರನ್ನು ಮೈಕ್, ಪಿಕಪ್ (ಗಿಟಾರಿಗೇ ಅಳವಡಿಸಿದ ಧ್ವನಿಗ್ರಾಹಕ), ಸ್ಪೀಕರ್ ಯಾವುದೂ ಇಲ್ಲದೆ ನುಡಿಸಿ, ಕಡೆಯ ಸಾಲಿನವರಿಗೂ ಹೆಬ್ಬೆರಳಿನ ಮೀಟು ಸ್ಪಷ್ಟವಾಗಿ ಕೇಳುವಂತೆ ಮಾಡಬಹುದೆಂದು ನಾನು ಹೇಳಿದಾಗ ನಮ್ಮ ಭಾಗದ ಫೋಕ್ ಕ್ಲಬ್‌ಗಳಲ್ಲಿ ಅದನ್ನು ನಂಬಿದವರು ಯಾರೂ ಇರಲಿಲ್ಲ. ಮೂರನೆಯ ಸಾಲು ದಾಟುವುದರೊಳಗೆ ದನಿ ಗಾಳಿಗೆ ಹೋಗುತ್ತದೆ, ಜನ ಟಿಕೆಟ್ ಹಣ ವಾಪಸ್ ಕೇಳುತ್ತಾರೆ ಎಂದೇ ಎಲ್ಲರೂ ಎಚ್ಚರಿಸಿದರು. ಈಗ ಎರಡು ಬೇಸಿಗೆಗಳಿಂದ ಕಛೇರಿ ಹಾಗೆಯೇ ನಡೆಯುತ್ತಿದೆ, ಹಣ ವಾಪಸ್ ಕೇಳಿದವರಿಲ್ಲ. ಅಂದು ಎಚ್ಚರಿಸಿದವರಲ್ಲಿ ಇಬ್ಬರು ಕಳೆದ ಸಲ ಅದೇ ಕಛೇರಿಯಲ್ಲಿ ಕುಳಿತು ನುಡಿಸಿದರು. ಇಂಥ ಕಛೇರಿಗಳನ್ನು ನಡೆಸುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಕೊಟ್ಟವು.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ನೆಲೆಸಿರುವ ನನಗೆ ಗಿಟಾರ್ ವಾದಕ ಡೇವಿ ಗ್ರಹಾಂ ಇದೇ ಕೌಂಟಿಯಲ್ಲಿ 1940ರ ನವೆಂಬರ್‌ನಲ್ಲಿ ಹುಟ್ಟಿದವರೆಂಬುದು ಮೊದಲಿನಿಂದಲೂ ಹೆಮ್ಮೆಯ ವಿಷಯ. ತಾಯಿ ಗಯಾನಾದವರು, ತಂದೆ ಸ್ಕಾಟ್ಲೆಂಡಿನವರು. 1962ರಲ್ಲಿ ಹೊರಬಂದ ಅವರ ಗಿಟಾರ್ ಕೃತಿ 'ಆಂಜಿ'ಯನ್ನು ಕಲಿಯದೆ ಬ್ರಿಟನ್ನಿನ ಬೆರಳುಗಾರಿಕೆಯ ಗಿಟಾರ್ ವಾದಕರು ಮುಂದೆ ಹೋದದ್ದೇ ವಿರಳ. ಅವರಲ್ಲೊಬ್ಬರಾದ ಬರ್ಟ್ ಜಾನ್ಶ್ ತಮ್ಮ 1965ರ ಮೊದಲ ಆಲ್ಬಂನಲ್ಲೇ ಅದನ್ನು ನುಡಿಸಿದ್ದಾರೆ. ಮೊರಾಕೊದ ಟ್ಯಾಂಜಿಯರ್‌ನಲ್ಲಿ ಊದ್ (ಅರಬರ ತಂತಿವಾದ್ಯ) ವಾದಕರ ಜೊತೆ ನುಡಿಸಲು ಅನುಕೂಲವಾಗಲೆಂದು ಗ್ರಹಾಂ ರೂಢಿಗೆ ತಂದ ಡ್ಯಾಡ್‌ಗ್ಯಾಡ್ (ಡಿ-ಎ-ಡಿ-ಜಿ-ಎ-ಡಿ) ಶ್ರುತಿಯನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ, 'ಡಿ'ಯನ್ನು ಷಡ್ಜವೆಂದುಕೊಂಡಾಗ ಆರು ತಂತಿಗಳು ಸ ಪ ಸ ಮ ಪ ಸ ಆಗುತ್ತವೆ. ಗಾಂಧಾರವೇ ಇಲ್ಲದ ಈ ಶ್ರುತಿಯಲ್ಲಿ ಐರ್ಲೆಂಡಿನ ಹಾಡೂ ರಾಗದ ಛಾಯೆಯೂ ಒಂದೇ ಗಿಟಾರಿನಲ್ಲಿ ಕೂರುತ್ತವೆ. ಅವರು 2008ರ ಡಿಸೆಂಬರ್ 15ರಂದು ತೀರಿಕೊಂಡರು. ಅವರ ಹುಟ್ಟೂರಿನ ಸುತ್ತಮುತ್ತ ವರ್ಷಕ್ಕೊಂದು ಸಂಜೆ ಬಯಲಿನಲ್ಲಿ ಅವರ ವಾದನವನ್ನು ನೆನೆಯಬೇಕೆಂಬುದು ನನ್ನ ಆಸೆಯಾಗಿತ್ತು. ಬಯಲೇ ಏಕೆಂದು ಕೇಳಿದವರಿಗೆ, ಪಬ್ಬಿನ ಹಿಂದಿನ ಕೋಣೆಯಲ್ಲಿ ನಲವತ್ತು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಮಕ್ಕಳನ್ನು ಕರೆತರುವವರಿಗೆ ಅಲ್ಲಿ ಜಾಗವಿಲ್ಲ ಎಂದು ಹೇಳುತ್ತಿದ್ದೆ.

ಮೊದಲ ವರ್ಷ ಎಲ್ಲರೂ ಮಾಡುವಂತೆಯೇ ಮಾಡಿದೆವು. ತೆರೆದ ಹುಲ್ಲುಗಾವಲು, ಬಾಡಿಗೆಗೆ ತಂದ ಸೌಂಡ್ ಸಿಸ್ಟಮ್, ಅದರೊಂದಿಗೆ ಒಬ್ಬ ಎಂಜಿನಿಯರ್, ಒಂದು ಜನರೇಟರ್. ಸೌಂಡಿಗೆ ಸುಮಾರು 650 ಪೌಂಡ್, ಜನರೇಟರಿಗೆ 110, ಮಿಕ್ಸರ್ ಮತ್ತು ವೇದಿಕೆಯ ಮೇಲಿನ ಚಿಕ್ಕ ಡೇರೆಗೆ 180, ತಾತ್ಕಾಲಿಕ ಶೌಚಾಲಯಗಳಿಗೆ 160, ವಿಮೆಗೆ 80, ಎಂಟು ವಾದಕರ ಪ್ರಯಾಣಕ್ಕೆ 400ರಷ್ಟು ಖರ್ಚಾಯಿತು. ಸ್ಥಳೀಯ ಕೌನ್ಸಿಲಿಗೆ ಕೊಡುವ ತಾತ್ಕಾಲಿಕ ಕಾರ್ಯಕ್ರಮದ ನೋಟಿಸಿನ 21 ಪೌಂಡ್ ಮತ್ತು ಹಕ್ಕುಸ್ವಾಮ್ಯದ ಶುಲ್ಕ ಬೇರೆ. ಹತ್ತು ಪೌಂಡಿನ ಟಿಕೆಟ್ ಸುಮಾರು ನೂರಹತ್ತು ಮಾರಾಟವಾದವು. ಹತ್ತಿರ ಹತ್ತಿರ 550 ಪೌಂಡ್ ಕೈಯಿಂದ ಹೋಯಿತು.

ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ನಾದ. ಗಿಟಾರಿನ ಮುಂದೆ ಕಂಡೆನ್ಸರ್ ಮೈಕ್ ಇಟ್ಟರೆ ತುಪ್ಪಳದ ಹೊದಿಕೆ ಹಾಕಿದರೂ ಗಾಳಿಯ ಗುಡುಗು ನಿಲ್ಲಲಿಲ್ಲ. ದನಿ ಏರಿಸಿದರೆ ಫೀಡ್‌ಬ್ಯಾಕಿನ ಕೀರಲು ಸದ್ದು, ಇಳಿಸಿದರೆ ಹಿಂದಿನವರಿಗೆ ಏನೂ ಕೇಳದು. ಕೊನೆಗೆ ಎಂಜಿನಿಯರ್ ಎಲ್ಲರನ್ನೂ ಪೀಜೋ ಪಿಕಪ್‌ಗೆ ತಂದರು. ತಂತಿಗಳನ್ನು ಹೊರುವ ಸ್ಯಾಡಲ್ ಪಟ್ಟಿಯ ಕೆಳಗಿನ ಆ ಪಿಕಪ್ಪಿನ ತಗಡಿನಂಥ ಸದ್ದಿನಲ್ಲಿ ಎಂಟು ವಾದಕರ ಎಂಟು ಗಿಟಾರುಗಳೂ ಒಂದೇ ಗಿಟಾರಾಗಿಬಿಟ್ಟವು. ಗ್ರಹಾಂ ವಾದನದ ಜೀವವೇ ಹೆಬ್ಬೆರಳಿನ ಮಂದ್ರಕ್ಕೂ ಮೇಲಿನ ಬೆರಳುಗಳ ಮೀಟಿಗೂ ಇರುವ ತೂಕದ ವ್ಯತ್ಯಾಸ. ಅದನ್ನೇ ಕಳೆದುಕೊಂಡು ಅವರಿಗೆ ನಮನ ಎಂದು ಫಲಕ ಕಟ್ಟುವುದರಲ್ಲಿ ಅರ್ಥವಿಲ್ಲವೆಂದು ನನಗೆ ಅಂದೇ ಅನ್ನಿಸಿತು. ಎರಡು ಹಾಡುಗಳ ನಡುವೆ ಜನರೇಟರಿನ ಗುಂಯ್‌ಗುಡುವಿಕೆ ಕೇಳುತ್ತಿದ್ದದ್ದಂತೂ ಇಂದಿಗೂ ಕಿವಿಯಲ್ಲಿದೆ.

ಮರುವರ್ಷ ಜನರೇಟರನ್ನು ಬಿಟ್ಟು ಬ್ಯಾಟರಿಯಿಂದ ನಡೆಯುವ ನಾಲ್ಕು ಚಿಕ್ಕ ಸ್ಪೀಕರುಗಳನ್ನು ಜನರ ನಡುವೆಯೇ ಹಂಚಿ ಇಟ್ಟೆವು. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಮೀಟರಿಗೆ ಮೂರು ಮಿಲಿಸೆಕೆಂಡಿನಂತೆ ವಿಳಂಬ ಕೊಟ್ಟು ಹೊಂದಿಸಿದ್ದರಿಂದ ಅಷ್ಟರಮಟ್ಟಿಗೆ ನಾದ ಸುಧಾರಿಸಿತು. ತೆರೆದ ಬಯಲನ್ನು ಬಿಡಲಾಗದವರು ಈ ದಾರಿ ಹಿಡಿಯಬಹುದೆಂದು ಈಗಲೂ ಹೇಳುತ್ತೇನೆ. ಆದರೆ ಆ ವಾರವೆಲ್ಲ ಮಳೆಯ ಮುನ್ಸೂಚನೆ ಇದ್ದುದರಿಂದ ಇಡೀ ಸಭಿಕರಿಗೆ ಡೇರೆ ಹಾಕಿಸಬೇಕಾಯಿತು. ಅದೊಂದಕ್ಕೇ 900 ಪೌಂಡ್ ಹೋಯಿತು. ಮಳೆ ಬಂದೇ ಬಂತು. ಡೇರೆಯ ಬಟ್ಟೆಯ ಮೇಲೆ ಹನಿ ಬೀಳುವ ಸದ್ದು ಗಿಟಾರಿನ ಮೇಲುತಂತಿಗಳನ್ನು ಪೂರ್ತಿ ನುಂಗಿತು. ಆ ವರ್ಷದ ನಷ್ಟ ಸುಮಾರು 700. ಮನೆಯಲ್ಲಿ ಈ ವಿಷಯದ ಮಾತು ಬಂದಾಗಲೆಲ್ಲ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದೆ.

ಇಂಗ್ಲೆಂಡಿನ ಹಳೆಯ ದೊಡ್ಡ ಮನೆಗಳಲ್ಲಿ ತರಕಾರಿಗೂ ಹಣ್ಣಿಗೂ ಎಂದು ಎತ್ತರದ ಇಟ್ಟಿಗೆ ಗೋಡೆ ಕಟ್ಟಿ ಮಾಡಿದ ತೋಟಗಳಿರುವುದು ಇಲ್ಲಿರುವವರಿಗೆಲ್ಲ ಗೊತ್ತು. ಗಾಳಿಯನ್ನು ತಡೆದು ಬಿಸಿಲಿನ ಕಾವನ್ನು ಹಿಡಿದಿಡುವುದಕ್ಕಾಗಿ ಕಟ್ಟಿದ ಆ ಗೋಡೆಗಳು ನನ್ನ ಸಮಸ್ಯೆಯನ್ನೂ ಬಗೆಹರಿಸುತ್ತವೆಂದು ಹೊಳೆದದ್ದು ಅಂಥ ಒಂದು ತೋಟದ ಮೂಲೆಯಲ್ಲಿ ಗಿಟಾರ್ ನುಡಿಸಿ ನೋಡಿದಾಗ. ಗೋಡೆಯ ಎತ್ತರ ಸುಮಾರು ಮೂರು ಮೀಟರ್. ಎರಡು ಗೋಡೆ ಸೇರುವ ಮೂಲೆಗೆ ಬೆನ್ನು ಕೊಟ್ಟು ಕುಳಿತರೆ, ತೆರೆದ ಬಯಲಿನಲ್ಲಿ ಸುತ್ತಲೂ ಚೆದುರಿಹೋಗುವ ನಾದ ಕಾಲು ವೃತ್ತದೊಳಗೇ ಹೋಗಬೇಕಾಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ದನಿಯ ಮಟ್ಟ ಆರು ಡೆಸಿಬಲ್ ಇಳಿಯುತ್ತದೆಂಬ ಲೆಕ್ಕವನ್ನು ಪರಿಚಯದ ಸೌಂಡ್ ಎಂಜಿನಿಯರೊಬ್ಬರು ಕಾಗದದ ಮೇಲೆ ಬರೆದು ತೋರಿಸಿ, ಹತ್ತು ಮೀಟರಿನಲ್ಲಿ ಏನೂ ಉಳಿಯದೆಂದು ವಾದಿಸಿದರು. ಅವರ ಲೆಕ್ಕದಲ್ಲಿ ಗೋಡೆಗಳು ಸೇರಿರಲಿಲ್ಲ. ಹೊರಗಿನ ಸದ್ದು ಎಷ್ಟು ಇಳಿಯುತ್ತದೆಂಬುದೂ ಸೇರಿರಲಿಲ್ಲ. ಫೋನಿನ ಮೀಟರಿನಲ್ಲಿ ನೋಡಿದಾಗ ಗೋಡೆಯ ಹೊರಗೆ 47 ಡೆಸಿಬಲ್ಲಿನ ಆಸುಪಾಸು ಇದ್ದ ಹಿನ್ನೆಲೆ ಸದ್ದು ಒಳಗೆ 40ರ ಹತ್ತಿರ ಬಂದಿತ್ತು, ಕಡೆಯ ಸಾಲಿನ ಜಾಗದಲ್ಲಿ ಗಿಟಾರ್ 50 ದಾಟುತ್ತಿತ್ತು. ಫೋನಿನ ಅಳತೆ ನಿಖರವಲ್ಲದಿದ್ದರೂ ಇವುಗಳ ನಡುವಿನ ಅಂತರವನ್ನು ನಂಬಬಹುದು, ಆ ಅಂತರವೇ ನಮಗೆ ಬೇಕಾದದ್ದು.

ಯಾವ ಮೂಲೆ ಎಂಬುದು ಬಹಳ ಮುಖ್ಯ. ನಾನು ಆರಿಸಿದ್ದು ನೈಋತ್ಯ ಮೂಲೆ. ಈ ದೇಶದಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಆ ದಿಕ್ಕಿನಿಂದಲೇ ಆದುದರಿಂದ ವಾದಕರಿಗೆ ಗೋಡೆಯ ಮರೆ ಸಿಗುತ್ತದೆ. ಸಂಜೆಯ ಬಿಸಿಲನ್ನು ಪಶ್ಚಿಮದ ಗೋಡೆ ತಡೆಯುವುದರಿಂದ ತಂತಿಗಳ ಮೇಲೆ ಬಿಸಿಲು ಬೀಳುವುದಿಲ್ಲ. ಹಿಂದಿನ ಸಾಲುಗಳವರ ಕಣ್ಣಿಗೆ ಮೊದಲ ಅರ್ಧ ಗಂಟೆ ಸೂರ್ಯ ಹೊಡೆಯುತ್ತಾನೆ. ಟೋಪಿ ತನ್ನಿರೆಂದು ಟಿಕೆಟಿನ ಮೇಲೆಯೇ ಮುದ್ರಿಸಿದೆವು. ಮೂಲೆಯ ಗೋಡೆ ಬೋಳಾಗಿರಬೇಕು. ಬಳ್ಳಿ ಹಬ್ಬಿಸಿದ, ಪೇರ್ ಗಿಡಗಳನ್ನು ಒರಗಿಸಿ ಬೆಳೆಸಿದ ಗೋಡೆಗಳ ಎಲೆಗಳು ಮೇಲುಸ್ವರಗಳನ್ನು ಚೆದುರಿಸಿ ನಾದವನ್ನು ಮಂಕಾಗಿಸುತ್ತವೆ.

ವಾದಕರು ಗೋಡೆಯಿಂದ ಎಷ್ಟು ದೂರ ಕೂರಬೇಕೆಂಬುದಕ್ಕೆ ಹಲವು ಸಂಜೆಗಳು ಹಿಡಿದವು. ಅರ್ಧ ಮೀಟರಿನಲ್ಲಿ ಕೂತರೆ ಮಂದ್ರ ಊದಿಕೊಂಡು ಮೂಗಿನ ದನಿ ಬರುತ್ತದೆ. ಎರಡು ಮೀಟರ್ ಮುಂದೆ ಬಂದರೆ ಗೋಡೆ ಇದ್ದೂ ಇಲ್ಲದಂತಾಗುತ್ತದೆ. ಒಂದರಿಂದ ಒಂದೂವರೆ ಮೀಟರಿನೊಳಗೆ ಒಂದು ಜಾಗವಿದೆ, ಅದು ಗೋಡೆಯಿಂದ ಗೋಡೆಗೆ ಬದಲಾಗುತ್ತದೆ, ಕಿವಿಯಿಂದಲೇ ಹುಡುಕಬೇಕು. ಹುಲ್ಲು ನಾದವನ್ನು ಹೀರುವುದರಿಂದ 18 ಮಿಲಿಮೀಟರ್ ದಪ್ಪದ, ಎಂಟು ಅಡಿಗೆ ನಾಲ್ಕು ಅಡಿಯ ನಾಲ್ಕು ಪ್ಲೈವುಡ್ ಹಲಗೆಗಳನ್ನು ವಾದಕರ ಕಾಲಡಿಯಿಂದ ಮೊದಲ ಸಾಲಿನವರೆಗೆ ಹಾಸಿದೆವು. ಇದರಿಂದ ಆದ ಬದಲಾವಣೆಯನ್ನು ಕಡೆಯ ಸಾಲಿನಲ್ಲಿ ಕುಳಿತು ಕೇಳಿದವರೇ ಬಲ್ಲರು. ಹಲಗೆಗಳಿಗೆ ನಾನು ಏನು ಬಳಿದಿದ್ದೇನೆ, ಮುಂದಿನ ಅಂಚನ್ನು ಎಷ್ಟು ಎತ್ತರಿಸಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಸಾಲು ಮೂಲೆಯಿಂದ ಮೂರು ಮೀಟರ್, ಕಡೆಯದು ಒಂಬತ್ತೂವರೆ. ಬೀಸಣಿಗೆಯಾಕಾರದ ಆ ಜಾಗದಲ್ಲಿ ನಡುವೆ ಒಂದು ದಾರಿ ಬಿಟ್ಟು ನೂರಿಪ್ಪತ್ತು ಜನರನ್ನು ಕೂರಿಸಬಹುದು. ಅದಕ್ಕಿಂತ ಹೆಚ್ಚು ಟಿಕೆಟ್ ಮಾರಬಾರದು. ಕಳೆದ ವರ್ಷ ಇನ್ನೂ ಮೂವತ್ತು ಜನ ಕೇಳಿದರು, ಅವರನ್ನು ಬೇಸರದಿಂದಲೇ ವಾಪಸ್ ಕಳಿಸಿದೆ. ಕೂರಲು ಹುಲ್ಲಿನ ಪೆಂಡಿಗಳನ್ನು ತಂದು ನೋಡಿದ್ದೆವು. ಅಗ್ಗ, ನೋಡಲು ಚೆಂದ, ಆದರೆ ಅವು ಹಿಂದಿನ ಸಾಲಿಗೆ ಹೋಗಬೇಕಾದ ನಾದವನ್ನು ಹೀರುತ್ತವೆ. ಅವುಗಳನ್ನು ತೆಗೆದು ಹತ್ತಿರದ ಸಮುದಾಯ ಭವನದಿಂದ ಮರದ ಬೆಂಚುಗಳನ್ನು ಎರವಲು ತಂದೆವು.

ತೋಟದ ಮೊದಲ ಕಛೇರಿ ಜೂನ್ ಕೊನೆಯಲ್ಲಿ ನಡೆಯಿತು. ನಾದದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಏಳೂವರೆಯ ಹೊತ್ತಿಗೆ ಗೋಡೆಯ ಮೇಲೆ ಒಂದು ಬ್ಲ್ಯಾಕ್‌ಬರ್ಡ್ ಕುಳಿತು ಹಾಡಲು ಶುರುಮಾಡಿದ್ದು ಮುಗಿಯುವವರೆಗೂ ನಿಲ್ಲಲಿಲ್ಲ. ಗಿಟಾರನ್ನು ನೆಲಮಟ್ಟದಲ್ಲಿ ಕಾಪಾಡಿದ ಗೋಡೆ ಹಕ್ಕಿಗೂ ಒಳ್ಳೆಯ ವೇದಿಕೆಯಾಯಿತು. ಸಭಿಕರಿಗೆ ಅದು ಹಿತವಾಗಿಯೇ ಇತ್ತು, ಮೃದುವಾಗಿ ನುಡಿಸುವ ಇಬ್ಬರು ವಾದಕರಿಗೆ ಮಾತ್ರ ಕಷ್ಟವಾಯಿತು. ಆ ಹಕ್ಕಿಗಳು ಜುಲೈ ಕೊನೆಯ ಹೊತ್ತಿಗೆ ಹಾಡು ನಿಲ್ಲಿಸುವುದರಿಂದ ಮರುವರ್ಷ ಕಛೇರಿಯನ್ನು ಆಗಸ್ಟ್ ನಡುವಿಗೆ ತಂದೆ. ಕತ್ತಲು ಬೇಗ ಬರುತ್ತದೆ, ಆರೂವರೆಗೆ ಶುರುಮಾಡಿ ಎಂಟೂಕಾಲಿಗೆ ಮುಗಿಸಬೇಕು. ವಿದ್ಯುತ್ ದೀಪದ ಅಗತ್ಯವೂ ತಪ್ಪುತ್ತದೆ.

ಶ್ರುತಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಯಲು ಕಛೇರಿಗಳು ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಬಿಸಿಲು ಬಿದ್ದರೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಸಂಜೆ ತಂಪಾದಂತೆ ಏರುತ್ತದೆ, ಗಾಳಿಯ ತೇವಕ್ಕೆ ಗಿಟಾರಿನ ಮೇಲುಹಲಗೆ ಉಬ್ಬಿ ಅದನ್ನು ಇನ್ನಷ್ಟು ಏರಿಸುತ್ತದೆ. ಇದರ ಮೇಲೆ ಸಾಮಾನ್ಯ ಶ್ರುತಿಯಿಂದ ಡ್ಯಾಡ್‌ಗ್ಯಾಡ್‌ಗೆ ಬರಲು ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಸಡಿಲಿಸಿದರೆ, ಸಡಿಲಿಸಿದ ತಂತಿ ಹತ್ತು ನಿಮಿಷದಲ್ಲಿ ತಾನಾಗಿಯೇ ಮೇಲಕ್ಕೆ ತೆವಳುತ್ತದೆ. ಅದಕ್ಕಾಗಿ ವೇದಿಕೆಯ ಮೇಲೆ ಶ್ರುತಿ ಬದಲಿಸುವುದನ್ನೇ ನಿಷೇಧಿಸಿದೆ. ಕಾರ್ಯಕ್ರಮದ ಮೊದಲ ಭಾಗ ಪೂರ್ತಿ ಸಾಮಾನ್ಯ ಶ್ರುತಿಯದು, ಎರಡನೆಯ ಭಾಗ ಪೂರ್ತಿ ಡ್ಯಾಡ್‌ಗ್ಯಾಡ್‌ನದು, ಎರಡರಲ್ಲೂ ನುಡಿಸುವವರು ಎರಡು ಗಿಟಾರ್ ತರಬೇಕು. ಎಲ್ಲರ ಗಿಟಾರುಗಳೂ ಕಛೇರಿಗೆ ಒಂದು ಗಂಟೆ ಮೊದಲೇ ಪೆಟ್ಟಿಗೆ ತೆರೆದು ಅದೇ ಗೋಡೆಯ ನೆರಳಿನಲ್ಲಿ ಇರಬೇಕು. ಬಿಸಿಯಾದ ಕಾರಿನಿಂದ ನೇರವಾಗಿ ತಂದ ಗಿಟಾರನ್ನು ನಾನು ಒಳಗೆ ಬಿಡುವುದಿಲ್ಲ.

ಸಡಿಲಿಸಿದ ತಂತಿಗಳು ಮೆತ್ತಗೆ ನುಡಿಯುತ್ತವೆಂಬುದು ಮೈಕ್ ಇಲ್ಲದಿರುವಾಗ ದೊಡ್ಡ ಕೊರತೆ. ಡ್ಯಾಡ್‌ಗ್ಯಾಡ್ ಗಿಟಾರುಗಳಿಗೆ 12ರಿಂದ 53ರ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಯ ದಪ್ಪ) ಸೆಟ್ಟಿನ ಬದಲು 13ರಿಂದ 56ರ ದಪ್ಪ ಸೆಟ್ಟು ಹಾಕಿಸಿದ್ದರಿಂದ ಅದು ಬಹುಪಾಲು ತುಂಬಿಬಂತು. ಗಿಟಾರಿನ ಗಾತ್ರದ ವಿಷಯದಲ್ಲಿ ನನ್ನ ಕಿವಿ ಹೇಳಿದ್ದು ಹಲವರಿಗೆ ಒಪ್ಪಿಗೆಯಾಗಲಾರದು. ದೊಡ್ಡ ಡ್ರೆಡ್‌ನಾಟ್ ಗಿಟಾರುಗಳ ಮಂದ್ರ ಹತ್ತಿರದಲ್ಲಿ ಗಂಭೀರವಾಗಿ ಕೇಳಿದರೂ ಕಡೆಯ ಸಾಲಿಗೆ ತಲುಪುವಾಗ ಕರಗಿಹೋಗುತ್ತದೆ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಮೈ ಸೇರುವ ಚಿಕ್ಕ ಗಿಟಾರುಗಳ ಮಧ್ಯಸ್ಥಾಯಿ ಗಟ್ಟಿಯಾಗಿ ಅಲ್ಲಿಯವರೆಗೂ ಹೋಗುತ್ತದೆ. ಈ ಮಾತನ್ನು ಒಪ್ಪದ ವಾದಕರೊಬ್ಬರನ್ನು ಕಡೆಯ ಸಾಲಿನಲ್ಲಿ ಕೂರಿಸಿ ಅವರ ಗಿಟಾರನ್ನೂ ನನ್ನ ಹಳೆಯ ಚಿಕ್ಕ ಗಿಟಾರನ್ನೂ ನುಡಿಸಿ ಕೇಳಿಸಿದೆ. ಅವರು ಕಛೇರಿಗೆ ನನ್ನ ಗಿಟಾರನ್ನೇ ಕೇಳಿ ಪಡೆದರು. ಉಗುರಿಲ್ಲದೆ ಬರಿಯ ಬೆರಳ ತುದಿಯಿಂದ ನುಡಿಸುವವರಿಗೆ ಈ ವೇದಿಕೆ ಹೊಂದುವುದಿಲ್ಲ. ಸ್ವಂತ ಉಗುರೋ ಅಕ್ರಿಲಿಕ್ ಉಗುರೋ ಬೇಕೇ ಬೇಕು, ಹೆಬ್ಬೆರಳಿಗೆ ಉಂಗುರದಂತೆ ತೊಡುವ ಥಂಬ್‌ಪಿಕ್ ಇದ್ದರೆ ಇನ್ನೂ ಒಳ್ಳೆಯದು.

ಇದರ ನಡುವೆ ನನಗೆ ಬಹಳ ಪ್ರಿಯವಾದ ಒಂದು ಪ್ರಯೋಗವನ್ನೂ ಮಾಡಿದೆ. ಗ್ರಹಾಂ ಐರ್ಲೆಂಡಿನ ಒಂದು ಹಳೆಯ ಹಾಡನ್ನು ರಾಗದ ಆಲಾಪದಂತೆ ಬೆಳೆಸಿ ನುಡಿಸಿದ್ದನ್ನು ಕೇಳಿದವರಿಗೆ ಪಕ್ಕದಲ್ಲೊಂದು ತಂಬೂರಿ ಇರಬೇಕಿತ್ತೆಂದು ಅನ್ನಿಸದೆ ಇರದು. ಮನೆಯ ತಂಬೂರಿಯನ್ನು 'ಡಿ'ಗೆ ಪ ಸ ಸ ಸ ಎಂದು ಕೂಡಿಸಿ ಗಿಟಾರಿನ ಎಡಗಡೆ ಇಟ್ಟೆ. ಅದರ ಝೇಂಕಾರ ಮೂರನೆಯ ಸಾಲು ದಾಟಲಿಲ್ಲ. ಆದರೂ ವಾದಕರಿಗೆ ಅದು ಕಿವಿಯ ಬಳಿಯೇ ಇದ್ದುದರಿಂದ ತಂತಿ ಎಳೆದು ಹಿಡಿಯುವ ಸ್ವರಗಳೆಲ್ಲ ನೇರವಾಗಿ ನಿಂತವು. ಹಿಂದಿನವರಿಗೆ ತಂಬೂರಿ ಕೇಳದೆಯೂ ಅದರ ಫಲ ಕೇಳಿಸಿತು. ಮರುವರ್ಷ ಅದರ ಜಾಗಕ್ಕೆ ಕೈಯಿಂದ ಒತ್ತುವ ಶ್ರುತಿಪೆಟ್ಟಿಗೆ ತಂದಾಗ ದನಿ ಕಡೆಯವರೆಗೂ ಹೋಯಿತು. ಆದರೆ ಅದು ಗಿಟಾರಿನ ನಾಲ್ಕನೆಯ ತಂತಿಯ ಮೇಲೆ ಕುಳಿತು ಅದನ್ನು ಮುಚ್ಚಿಹಾಕಿತು. ಮುಂದಿನ ಸಲ ತಂಬೂರಿಯನ್ನೇ ಇಡುತ್ತೇನೆ. ಹನ್ನೆರಡು ತಂತಿಯ ಗಿಟಾರನ್ನೂ ಪ್ರಯತ್ನಿಸಿದೆವು. ದನಿಗೆ ಕೊರತೆಯಿಲ್ಲ, ಶ್ರುತಿ ಸಂಜೆಯುದ್ದಕ್ಕೂ ನಿಲ್ಲುವುದಿಲ್ಲ, ಅಷ್ಟೇ.

ಕೇಳುಗರ ಕಿವಿ ಹೊಂದಿಕೊಳ್ಳಲು ಮೊದಲ ಕೆಲವು ನಿಮಿಷ ಬೇಕು. ಸ್ಪೀಕರಿನ ದನಿಗೆ ಒಗ್ಗಿದವರು ಮೊದಲ ತುಣುಕಿನಲ್ಲಿ ಮುಂದಕ್ಕೆ ಬಾಗುತ್ತಾರೆ, ಎರಡನೆಯದರ ಹೊತ್ತಿಗೆ ಪ್ಲಾಸ್ಟಿಕ್ ಚೀಲದ ಸದ್ದನ್ನು ತಾವೇ ನಿಲ್ಲಿಸುತ್ತಾರೆ. ಆ ಮೊದಲ ಮೂರು ತುಣುಕುಗಳನ್ನು ಯಾರು ಯಾವ ಕ್ರಮದಲ್ಲಿ ನುಡಿಸಬೇಕೆಂಬುದರಲ್ಲೇ ಇಡೀ ಸಂಜೆಯ ಗುಟ್ಟಿದೆ. ಅದನ್ನು ಕಂಡುಕೊಳ್ಳಲು ನಾನು ಪಟ್ಟ ಪಾಡನ್ನು ನೆನೆದು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದವರಿಗೆ ತಾನಾಗಿಯೇ ತಿಳಿಯುತ್ತದೆ. ಚಹಾದ ವಿರಾಮ ಹತ್ತು ನಿಮಿಷ ಮೀರಬಾರದೆಂಬುದನ್ನು ಮಾತ್ರ ಧಾರಾಳವಾಗಿ ಹೇಳಬಲ್ಲೆ. ಮೀರಿದರೆ ಆ ಕಿವಿಗಳನ್ನು ಮತ್ತೆ ಮೊದಲಿನಿಂದ ಹದಗೊಳಿಸಬೇಕಾಗುತ್ತದೆ.

ಈಗ ಹಣ. ತೋಟದ ಬಾಡಿಗೆ ಸಂಜೆಗೆ 200 ಪೌಂಡ್, ಅಲ್ಲಿಯದೇ ಶೌಚಾಲಯ ಸೇರಿ. ಹಲಗೆಗಳಿಗೂ ಬಳಿಯುವುದಕ್ಕೂ ಮೊದಲ ವರ್ಷ 170. ವಿಮೆ 80. ವಾದಕರ ಪ್ರಯಾಣ ತಲಾ 60ರಂತೆ 480. ಗ್ರಹಾಂ ಕೃತಿಗಳಿಗೆ ಇನ್ನೂ ಹಕ್ಕುಸ್ವಾಮ್ಯವಿದೆ, ಅದು ಅವರು ತೀರಿಕೊಂಡ ಮೇಲೆ ಎಪ್ಪತ್ತು ವರ್ಷ, ಎಂದರೆ 2078ರ ಕೊನೆಯವರೆಗೆ ನಡೆಯುತ್ತದೆ. ಸಂಗೀತ ಕೃತಿಕಾರರ ಪರವಾಗಿ ಶುಲ್ಕ ವಸೂಲಿ ಮಾಡುವ ಪಿಆರ್‌ಎಸ್ ಸಂಸ್ಥೆಗೆ ಟಿಕೆಟ್ ಹಣದ ನೂರಕ್ಕೆ ನಾಲ್ಕರಷ್ಟನ್ನು ಕಟ್ಟಬೇಕು, ಅದು ಸುಮಾರು 60 ಪೌಂಡ್. ಮೈಕ್ ಇಲ್ಲದಿದ್ದರೆ ಇದೂ ಬೇಕಿಲ್ಲವೆಂದು ತಿಳಿದವರಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ಕೌನ್ಸಿಲಿನ ನೋಟಿಸಿನ ಕತೆ ಬೇರೆ. 2012ರ ಲೈವ್ ಮ್ಯೂಸಿಕ್ ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆಳಗಿನ ಎಂಟರಿಂದ ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕವಿಲ್ಲದ ಸಂಗೀತಕ್ಕೆ ಪರವಾನಗಿಯೇ ಬೇಡ. ಮದ್ಯ ಮಾರುವುದಾದರೆ ಮಾತ್ರ ಹತ್ತು ಕೆಲಸದ ದಿನ ಮೊದಲೇ ನೋಟಿಸು ಕೊಡಬೇಕು. ನಾವು ಚಹಾ ಮಾತ್ರ ಕೊಟ್ಟೆವು. ಹನ್ನೆರಡು ಪೌಂಡಿನ ನೂರಿಪ್ಪತ್ತು ಟಿಕೆಟ್‌ಗಳಿಂದ 1,440 ಬಂದು, ಮೊದಲ ಸಲ 450ರಷ್ಟು ಉಳಿಯಿತು. ಹಲಗೆಯ ಖರ್ಚಿಲ್ಲದ ಮರುವರ್ಷ 600 ದಾಟಿತು. ಹಳೆಯ ನಷ್ಟದ ಬಹುಪಾಲು ತೀರಿದೆ. ಮಳೆಗೆ ಡೇರೆಯ ಬದಲು ಮರುದಿನವನ್ನು ಕಾದಿರಿಸಿಟ್ಟು ಟಿಕೆಟ್ ಎರಡೂ ದಿನಕ್ಕೆ ಸಲ್ಲುತ್ತದೆಂದು ಮೊದಲೇ ಹೇಳುತ್ತೇವೆ. ಆ ಎರಡನೆಯ ದಿನವನ್ನು ಬಳಸುವ ಪ್ರಸಂಗ ಇನ್ನೂ ಬಂದಿಲ್ಲ.

ಕೊನೆಯ ತುಣುಕು ಪ್ರತಿ ಸಲವೂ 'ಆಂಜಿ'. ಗಿಟಾರ್ ತಂದ ಸಭಿಕರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಒಟ್ಟಿಗೆ ನುಡಿಸುತ್ತಾರೆ. ಇಷ್ಟು ಜನ ಬಯಲಿನಲ್ಲಿ ಲಯ ತಪ್ಪದೆ ಸಾಗುವುದು ಕಷ್ಟವೆಂದು ಮೊದಲು ನನಗೂ ಅಳುಕಿತ್ತು. ಇಳಿಯುತ್ತ ಬರುವ ಆ ಮಂದ್ರದ ಸಾಲನ್ನು ಮೂಲೆಯಲ್ಲಿ ಕುಳಿತ ಒಬ್ಬರು ಥಂಬ್‌ಪಿಕ್‌ನಿಂದ ಹಿಡಿದುಕೊಂಡು, ಉಳಿದವರು ಅವರ ಹೆಬ್ಬೆರಳನ್ನೇ ನೋಡುತ್ತ ನುಡಿಸಬೇಕೆಂದು ಗೊತ್ತುಮಾಡಿದ ಮೇಲೆ ಯಾರೂ ಹಿಂದುಳಿಯಲಿಲ್ಲ, ಮುಂದೋಡಲಿಲ್ಲ. ಅಷ್ಟೂ ಗಿಟಾರುಗಳು ಒಂದು ಸ್ಪೀಕರನ್ನೂ ನೆಚ್ಚದೆ ಆ ಗೋಡೆಗಳ ನಡುವೆ ತುಂಬಿಕೊಂಡದ್ದನ್ನು ಕೇಳಿ, ಹತ್ತು ಮೀಟರಿನಲ್ಲಿ ಏನೂ ಉಳಿಯದೆಂದಿದ್ದ ಅದೇ ಎಂಜಿನಿಯರ್ ನನ್ನ ಕೈಹಿಡಿದು ಕುಲುಕಿ, ಹಲಗೆಯ ಕೆಳಗೆ ಏನಿಟ್ಟಿದ್ದೀರೆಂದು ಬಗ್ಗಿ ನೋಡಿದರು.

ಬರುವ ಆಗಸ್ಟಿಗೆ ಊದ್ ವಾದಕರೊಬ್ಬರು ಒಪ್ಪಿದ್ದಾರೆ. ಗ್ರಹಾಂ ಶ್ರುತಿಯ ಮೂಲವೇ ಆ ವಾದ್ಯದ ಸಹವಾಸದಲ್ಲಿರುವುದರಿಂದ ಎರಡನ್ನೂ ಒಂದೇ ಮೂಲೆಯಲ್ಲಿ ಕೇಳಿಸಬೇಕೆಂಬುದು ನನ್ನ ಬಹುದಿನದ ಬಯಕೆ. ಊದ್‌ನ ನೈಲಾನ್ ತಂತಿಗೆ ಗೋಡೆ ಇನ್ನೂ ಹತ್ತಿರ ಬೇಕಾಗಬಹುದೆಂದು ತೋರುತ್ತದೆ. ಮೇ ತಿಂಗಳ ಮೊದಲ ಒಣ ಸಂಜೆ ಅವರನ್ನೂ ಒಬ್ಬ ಗಿಟಾರ್ ವಾದಕರನ್ನೂ ಕರೆದುಕೊಂಡು ಹೋಗಿ ಅಳೆದು ನೋಡುತ್ತೇನೆ. ಇನ್ನೆರಡು ಹಲಗೆಗಳಿಗೆ ಹಣ ತೆಗೆದಿಟ್ಟಾಗಿದೆ.